ನಾಲ್ಕನೇ ಕಾಲಿನ ಲಾಳ

“ಕಾಲು ತೋರ್ಸು, ಅಂಜಿನಪ್ಪ.”

“ಯಾರ ಕಾಲು ಮೇಡಮ್ಮ?”

“ನಿಂದು ಆಮೇಲೆ ನೋಡಾಣ. ಮೊದ್ಲು ಎತ್ತಿಂದು.”

ಅಂಜಿನಪ್ಪ ಮೂಗುದಾರ ಹಿಡಿದವನು ಹಿಡಿದಂತೆಯೇ ನಿಂತ. ಎಎಸ್‌ಐ ಪ್ರೇಮಮ್ಮ ಖಾಕಿ ಪ್ಯಾಂಟಿನ ತುದಿ ಮಡಚಿ, ಅವನ ಮನೆ ಮುಂದಿನ ಕಣದಲ್ಲಿ ಆಗಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ಐವತ್ತು ದಾಟಿದ ಮಂಡಿ ಕಟಕಟ ಅಂದರೂ ಏಳುವ ಲಕ್ಷಣ ಕಾಣಲಿಲ್ಲ. ಬುಕ್ಕಾಂಬುಧಿ ಕಡೆಯ ರೈತರ ಮನೆಯಲ್ಲಿ ಹುಟ್ಟಿ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಓದಿಕೊಂಡು ಪೊಲೀಸು ಸೇರಿದ ಹೆಂಗಸು. ಎತ್ತಿನ ಕಾಲು ನೋಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈ ಎತ್ತನ್ನು ಕದ್ದು ಕಡಿಯಲು ಹೊಡೆದುಕೊಂಡು ಹೋಗುತ್ತಿದ್ದನೆಂದು ಹೇಳಿ, ಅಜ್ಜಂಪುರದ ಲಾಳದ ಬುಡೇನ್ ಸಾಬನನ್ನು ಎರಡು ವಾರದ ಹಿಂದೆ ಇದೇ ಬಿಳಿಗಲ್ಲು ಊರಿನ ದನ ಮೇಯುವ ಕಾವಲಿನಲ್ಲಿ ಬಡಿದು ಕೊಂದಿದ್ದರು. ಕೊಂದವರು ಯಾರೆಂದು ಕೇಳಿದರೆ ಊರಿಗೆ ಊರೇ ಆಕಾಶ ನೋಡುತ್ತಿತ್ತು.

ಆ ದಿನ ತಾನು ತೆಂಗಿನಕಾಯಿ ಮಾರಲು ಕಡೂರಿಗೆ ಹೋಗಿದ್ದೆ, ಎತ್ತು ಕೊಟ್ಟಿಗೆಯಿಂದ ಹೋದದ್ದೇ ಗೊತ್ತಿಲ್ಲ, ಲಾಳದವನನ್ನು ಕರೆಸಿಯೇ ಇಲ್ಲ. ಇದು ಅಂಜಿನಪ್ಪ ಠಾಣೆಯಲ್ಲಿ ಕೊಟ್ಟ ಹೇಳಿಕೆ. ಈ ಹೇಳಿಕೆ ನಿಂತಿರುವ ತನಕ ಸತ್ತವನು ಕಳ್ಳ. ಕೊಂದವರು ಸಿಟ್ಟು ಬಂದ ಸಾರ್ವಜನಿಕರು.

ಇವತ್ತು ಮಧ್ಯಾಹ್ನ ಹಾಲಿನ ಡೇರಿಯ ಮುಂದೆ ಶಾಂತಿಸಭೆ ಇತ್ತು. ಊರಿನ ಹಿರಿಯ ಬೆನಕಪ್ಪ ಮುಂದೆ ನಿಂತು ಏರ್ಪಾಡು ಮಾಡಿದ್ದರು. ಬುಡೇನ್ ಸಾಬನ ಹೆಂಡತಿ ಹಾಜಿರಾಬಿ ಬಂದು ನಾಲ್ಕು ಜನರೆದುರು ‘ಕ್ಷಮಿಸಿದ್ದೀನಿ’ ಅನ್ನಬೇಕು, ಅಲ್ಲಿಗೆ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗಿ ಊಟ ಮಾಡಬಹುದು. ಆ ಮಾತು ಒಮ್ಮೆ ಆಕೆಯ ಬಾಯಿಂದ ಬಂದುಬಿಟ್ಟರೆ ಆಮೇಲೆ ಬಿಳಿಗಲ್ಲಿನಲ್ಲಿ ಸಾಕ್ಷಿ ಹೇಳುವವನು ಸಿಗುವುದಿಲ್ಲವೆಂದು ಪ್ರೇಮಮ್ಮನಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಉಳಿದಿದ್ದು ಈ ಬೆಳಗು ಮಾತ್ರ.

ಅವಳು ಎತ್ತಿನ ಹೊಟ್ಟೆ ಸವರಿ, ಮುಂಗಾಲನ್ನು ಮಂಡಿಯ ಹತ್ತಿರ ತಟ್ಟಿ ಮೇಲೆತ್ತಿದಳು. ಎತ್ತು ಒಮ್ಮೆ ಉಸಿರುಬಿಟ್ಟು ಸುಮ್ಮನಾಯಿತು.

“ಇದ್ಯಾವಾಗ ಹೊಡ್ಸಿದ್ದು?”

“ಯುಗಾದಿಗೆ ಮುಂಚೆ ಮೇಡಮ್ಮ. ಹಳೇದು.”

“ಹಳೇದಾ? ಮೊಳೆ ತಲೆ ಇನ್ನೂ ಸವೆದಿಲ್ಲ ಕಣಪ್ಪ.”

ಅಂಜಿನಪ್ಪ ಎತ್ತಿನ ಕೊರಳು ಸವರತೊಡಗಿದ.

ಎತ್ತಿನ ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೂ ಎರಡೆರಡು ಲಾಳ. ಪ್ರೇಮಮ್ಮ ಜೇಬಿನಿಂದ ಒಂದು ಲಾಳ ತೆಗೆದು ಎತ್ತಿನ ಗೊರಸಿಗೆ ಹಿಡಿದಳು. ಹೆಣದ ಪಕ್ಕ ಸಿಕ್ಕಿದ್ದ ಬುಡೇನ್ ಸಾಬನ ಚೀಲದಲ್ಲಿ ಉಳಿದಿದ್ದ ಲಾಳ ಅದು. ಹಳೇ ಗಾಡಿ ಚಕ್ರದ ಪಟ್ಟಿಯನ್ನು ಕಾಯಿಸಿ ಅವನು ತಾನೇ ಬಡಿದು ಮಾಡುತ್ತಿದ್ದ. ಕಪ್ಪು ಬಣ್ಣ, ಸುತ್ತಿಗೆಯ ಏಟಿನ ಗುರುತು, ಒಂದು ತುದಿ ಕೊಂಚ ದಪ್ಪ. ಕಾಲಿನಲ್ಲಿದ್ದದ್ದೂ ಅಂಥದ್ದೇ. ಇನ್ನೊಂದು ಮುಂಗಾಲಿನಲ್ಲೂ, ಹಿಂದಿನ ಬಲಗಾಲಿನಲ್ಲೂ ಅದೇ.

ಹಿಂದಿನ ಎಡಗಾಲಿಗೆ ಬಂದಾಗ ಅವಳ ಕೈ ನಿಂತಿತು. ಇಲ್ಲಿನ ಲಾಳ ತೆಳ್ಳಗೆ ಹೊಳೆಯುತ್ತಿತ್ತು. ಮಿಷನ್ನಿನಲ್ಲಿ ಕತ್ತರಿಸಿದ, ಅಂಗಡಿಯಲ್ಲಿ ಸಿಗುವ ಮಾಲು.

“ಮೂರು ಕಾಲು ಬುಡೇನ್ ಸಾಬಂದು. ನಾಕನೇದು ಯಾರ್ದು?”

“ನಂಗೇನ್ ಗೊತ್ತು ಮೇಡಮ್ಮ? ಕಾವಲಲ್ಲಿ ಅವನೇ ಏನೋ ಮಾಡಿರ್ಬೋದು.”

“ಕದ್ದ ಎತ್ತಿಗೆ ಯಾವ ಕಳ್ಳನಪ್ಪ ಲಾಳ ಹೊಡೀತಾನೆ? ಕಡಿಯೋಕೆ ಹೊಡ್ಕಂಡು ಹೋಗೋನು ಅದರ ಕಾಲು ಸವೀತದೆ ಅಂತ ಅಳ್ತಾನಾ?”

ಜಗಲಿಯ ಮೇಲೆ ಅಂಜಿನಪ್ಪನ ಮಗಳು ಅನುಷಾ ಕಂಬಕ್ಕೆ ಒರಗಿ ನಿಂತಿದ್ದಳು. ಕಡೂರಿನ ಕಾಲೇಜಿಗೆ ಹೋಗುವ ಹುಡುಗಿ. ಇತ್ತೀಚೆಗೆ ಕಾಲೇಜಿಗೂ ಹೋಗುತ್ತಿಲ್ಲವೆಂದು ಪ್ರೇಮಮ್ಮ ಕೇಳಿದ್ದಳು. ಅಂಜಿನಪ್ಪ ತಿರುಗಿ, ಒಳಗೆ ಹೋಗೆಂದು ಕಣ್ಣಿನಲ್ಲೇ ಹೇಳಿದ. ಹುಡುಗಿ ಹೋಗಲಿಲ್ಲ.

ಪ್ರೇಮಮ್ಮ ಮೊಬೈಲು ತೆಗೆದು ಅವನ ಮುಂದೆ ಹಿಡಿದಳು.

ಬುಡೇನ್ ಸಾಬನ ಜೀವ ತಿಂದ ಪಟ ಅದು. ಎತ್ತನ್ನು ಕೆಡವಿ ನಾಲ್ಕೂ ಕಾಲು ಸೇರಿಸಿ ಹಗ್ಗದಲ್ಲಿ ಬಿಗಿದಿದೆ. ಅದರ ಮೇಲೆ ಬಗ್ಗಿದ ಟೋಪಿಯ ಮುದುಕ, ಮುಖ ಬರೀ ಕಪ್ಪು, ಕೈಯಲ್ಲಿ ಗೊರಸು ಹೆರೆಯುವ ಉಳಿ. ಕೆಳಗೆ ಯಾರೋ ಬರೆದಿದ್ದರು: ಬಿಳಿಗಲ್ಲಿನಲ್ಲಿ ಎತ್ತು ಕಡೀತಿದ್ದಾರೆ, ಬನ್ನಿ. ಕೊಲೆಯಾದ ದಿನ ಮಧ್ಯಾಹ್ನ ಈ ಪಟ ಅಜ್ಜಂಪುರ, ತರೀಕೆರೆ, ಬೀರೂರಿನ ಮೊಬೈಲುಗಳಲ್ಲೆಲ್ಲ ಓಡಾಡಿತ್ತು.

ಲಾಳ ಹೊಡೆಯುವಾಗ ಎತ್ತು ಹೀಗೆಯೇ ಬಿದ್ದಿರುತ್ತದೆ, ನಿಂತ ಎತ್ತಿಗೆ ಯಾರೂ ಲಾಳ ಹೊಡೆಯುವುದಿಲ್ಲ. ಅಮೃತಮಹಲ್ ದನಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ಅಷ್ಟು ತಿಳಿಯಲಿಲ್ಲ. ಅವರ ಮನೆಗಳಲ್ಲಿ ಎತ್ತು ಮಾರಿ ಟ್ರ್ಯಾಕ್ಟರು ತಂದು ಯಾವ ಕಾಲವಾಯಿತೋ. ಎತ್ತಿನ ಹೆಸರು ಹೇಳಿಕೊಂಡು ಮನುಷ್ಯನನ್ನು ಬಡಿಯಲು ಬಂದವರಿಗೆ ಎತ್ತು ಎಂಬುದು ಬೈಕಿನ ಹಿಂದೆ ಅಂಟಿಸುವ ಚಿತ್ರವಾಗಿತ್ತೇ ಹೊರತು ಬೇರೇನೂ ಆಗಿರಲಿಲ್ಲ. ಇದನ್ನು ನೆನೆದಾಗಲೆಲ್ಲ ಪ್ರೇಮಮ್ಮನಿಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯಿತು.

“ಇದು ಲಾಳ ಹೊಡೆಯೋ ಪಟ ಅಂತ ನಾನೂ ಒಪ್ತೀನಿ ಮೇಡಂ,” ಎಂದು ಠಾಣೆಯಲ್ಲಿ ಹೇಳಿದ್ದ ಅವಳ ಮೇಲಿನ ಸಬ್‌ಇನ್ಸ್‌ಪೆಕ್ಟರ್ ಕನಕರಾಜು. “ಆದ್ರೆ ಎಲ್ಲಿ, ಯಾರ ಮುಂದೆ? ಅದನ್ನ ತೋರಿಸಿ.” ವಯಸ್ಸಿನಲ್ಲಿ ಚಿಕ್ಕವನಾದರೂ ಸರಿಯಾದುದನ್ನೇ ಕೇಳಿದ್ದ.

ಪಟ ಮೊದಲು ಯಾರ ಮೊಬೈಲಿನಿಂದ ಹೊರಟಿತೆಂದು ಹುಡುಕಲು ಪ್ರೇಮಮ್ಮ ಮನೆಯಲ್ಲೂ ಒದ್ದಾಡಿದ್ದಳು. ಅವಳ ಮಗ ಧರ್ಮೇಶ್ ಅಜ್ಜಂಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ‘ಫಾರ್ವರ್ಡ್ ಆಗಿ ಬಂದಿರೋದಕ್ಕೆ ಬುಡ ಸಿಗಲ್ಲ ಕಣಮ್ಮ, ಸುಮ್ನೆ ತಲೆ ಕೆಡಿಸ್ಕೋಬೇಡ’ ಎಂದಿದ್ದ. ಹಾಗಾಗಿ ಅವಳು ಮೊಬೈಲು ಬಿಟ್ಟು ಎತ್ತಿನ ಬುಡಕ್ಕೆ ಬಂದಿದ್ದಳು.

“ಇಲ್ನೋಡು,” ಎಂದು ಪಟದ ಅಂಚನ್ನು ಬೆರಳಿನಿಂದ ದೊಡ್ಡದು ಮಾಡಿದಳು. “ಕೊಂಬಿನ ಬುಡದಲ್ಲಿ ನಾಕು ಬೆರಳವೆ. ಬೆರಳಿನ ಹಿಂದೆ ಮನುಷ್ಯ ಇಲ್ಲ. ಅವನನ್ನ ಕತ್ತರಿಸಿ ಬಿಸಾಕವ್ರೆ. ಎತ್ತು ಕೆಡವಿದಾಗ ತಲೆ ಹಿಡಿಯೋನು ಯಾರು ಅಂಜಿನಪ್ಪ?”

“ಯಾರಾದ್ರೂ ಹಿಡೀತಾರೆ.”

“ಯಾರಾದ್ರೂ ಹಿಡಿದ್ರೆ ಈ ಎತ್ತು ಸುಮ್ನಿರ್ತದಾ? ಮನೆಯೋನು ತಲೆ ಹಿಡೀದೆ ಇದ್ರೆ ಲಾಳದೋನು ಹಗ್ಗಾನೇ ಮುಟ್ಟಲ್ಲ. ನಮ್ಮಪ್ಪ ಊರಲ್ಲಿ ಇಲ್ದಾಗ ನಮ್ಮವ್ವ ಕೊಂಬು ಹಿಡ್ದು ಕೂತಿದ್ಲು, ನಾನೇ ನೋಡಿದೀನಿ.”

“ನಾನು ಆವತ್ತು ಕಡೂರಲ್ಲಿದ್ದೆ.”

“ಸರಿ. ಹೋದ ಸೋಮವಾರ ಎಲ್ಲಿದ್ದೆ?”

ಅಂಜಿನಪ್ಪ ಮುಖದ ಬೆವರು ಒರೆಸಿಕೊಂಡ. ಬೆವರುವಂಥ ಬಿಸಿಲು ಇನ್ನೂ ಬಂದಿರಲಿಲ್ಲ.

“ನಾನು ಹೇಳ್ತೀನಿ. ತರೀಕೆರೇಲಿದ್ದೆ. ಗೂಡ್ಸ್ ಆಟೋದಲ್ಲಿ ಎತ್ತು ಹೇರ್ಕಂಡು ಹೋಗಿದ್ದೆ. ಅಲ್ಲಿ ಲಾಳ ಹೊಡೆಯೋನು ನಿನ್ನ ಮರ್ತಿಲ್ಲ. ಮೂರು ಕಾಲು ಹೊಸಾದಾಗಿ, ಒಂದೇ ಕಾಲು ಬರಿದಾಗಿರೋ ಎತ್ತನ್ನ ಅವನು ಇದೇ ಮೊದ್ಲು ನೋಡಿದ್ದಂತೆ. ಒಂದು ಕಾಲಿಗೆ ಲಾಳ ಹೊಡೆಸೋಕೆ, ಅಜ್ಜಂಪುರ ದಾಟ್ಕಂಡು ತರೀಕೆರೆಗೆ ಯಾಕಪ್ಪ ಹೋದೆ?”

ಅಂಜಿನಪ್ಪನ ಕೈಯಿಂದ ಮೂಗುದಾರ ಜಾರಿತು. ಎತ್ತು ಎಲ್ಲಿಗೂ ಹೋಗಲಿಲ್ಲ. ಅವನು ಕಣದ ಅಂಚಿನ ಕಲ್ಲಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ಕುಂಟ್ತಾ ಇತ್ತು ಮೇಡಮ್ಮ. ಮೂರು ಕಾಲಲ್ಲಿ ಲಾಳ, ಒಂದರಲ್ಲಿ ಇಲ್ಲ. ಕಲ್ಲು ನೆಲದಲ್ಲಿ ಹೆಜ್ಜೆ ಇಡೋವಾಗ ನೋಡಕ್ಕಾಗ್ಲಿಲ್ಲ.”

“ಅದು ನೋಡಕ್ಕಾಗ್ಲಿಲ್ಲ,” ಎಂದಳು ಪ್ರೇಮಮ್ಮ.

ಇದಕ್ಕಿಂತ ಹೆಚ್ಚು ಹೇಳಿದ್ದರೆ ಅವಳ ಕೈ ಅವನ ಕೆನ್ನೆಗೆ ಹೋಗುತ್ತಿತ್ತು. ಅಂಜಿನಪ್ಪ ಕೆಟ್ಟವನಲ್ಲ, ಇಡೀ ಊರು ಹೇಳುವ ಮಾತು ಅದು. ಕೆಟ್ಟವನಾಗಿದ್ದರೆ ಎತ್ತಿನ ನಾಲ್ಕನೇ ಕಾಲನ್ನು ಹಾಗೇ ಬಿಟ್ಟು ಬಚಾವಾಗುತ್ತಿದ್ದ. ಎತ್ತಿನ ಮೇಲಿನ ಮರುಕವೇ ಅವನನ್ನು ಹಿಡಿದುಕೊಟ್ಟಿತ್ತು. ಇಷ್ಟು ಮರುಕ ಇದ್ದವನ ಕಣದಲ್ಲಿ ಒಬ್ಬ ಮನುಷ್ಯನಿಗೆ ಅದರಲ್ಲಿ ಒಂದು ಪಾಲೂ ಸಿಗಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು.

“ಹೇಳು,” ಎಂದಳು.

“ನಾನೇ ಕರೆಸಿದ್ದು. ನಮ್ಮಪ್ಪನ ಕಾಲದಿಂದ ಅವರೇ ಬತ್ತಿದ್ರು. ಕತ್ತಿನ ಮೇಲೆ ಮಂಡಿ ಊರಿ ಕೊಂಬು ಹಿಡ್ದಿದ್ದೆ. ಮೂರು ಕಾಲು ಮುಗೀತು. ‘ಇದೊಂದು ಮುಗಿಸಿ ಟೀ ಕುಡಿಯಾಣ ಅಂಜಿನಪ್ಪೋರೇ’ ಅಂದ್ರು ಸಾಬ್ರು. ಅಷ್ಟ್ರಲ್ಲಿ ಬೈಕುಗಳು ನುಗ್ಗಿದ್ವು. ಎಲ್ರೂ ಮಕಕ್ಕೆ ಟವಲ್ ಸುತ್ಕಂಡಿದ್ರು.”

“ಏನಂದ್ರು?”

“ಇವನನ್ನ ನೀನು ಕರೆಸಿದ್ಯಾ ಅಂತ ಕೇಳಿದ್ರು.”

“ನೀನೇನಂದೆ?”

“ಸಾಬ್ರು ನನ್ನೇ ನೋಡ್ತಿದ್ರು ಮೇಡಮ್ಮ. ಒಂದು ಮಾತೂ ಆಡ್ಲಿಲ್ಲ. ನಾನು ಹೇಳ್ತೀನಿ ಅಂತ ಸುಮ್ನಿದ್ರು.”

“ನೀನೇನಂದೆ, ಅದನ್ನ ಹೇಳು.”

“ಇಲ್ಲ ಅಂದೆ.”

ಕಣದಲ್ಲಿ ಎತ್ತು ಬಾಲ ಬೀಸಿ ನೊಣ ಓಡಿಸಿಕೊಂಡಿತು. ಜಗಲಿಯ ಮೇಲೆ ಅನುಷಾ ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಆಮೇಲೆ ಎಳ್ಕಂಡು ಹೋದ್ರು. ಕಾವಲಲ್ಲಿ ಸಿಕ್ಕಿಬಿದ್ದ ಅಂತ ತೋರ್ಸೋಕೆ ಎತ್ತಿನ ಹಗ್ಗ ಬಿಚ್ಚಿ ಅದನ್ನೂ ಹೊಡ್ಕಂಡು ಹೋದ್ರು. ಹೌದು ಅಂದಿದ್ರೆ ನನ್ನೂ ಹೊಡೀತಿದ್ರು ಮೇಡಮ್ಮ.”

“ಹೊಡೀತಿದ್ರೋ ಏನೋ. ಆದ್ರೆ ನಿನ್ನ ಕೊಲ್ತಿರ್ಲಿಲ್ಲ. ಅದು ನಿಂಗೂ ಗೊತ್ತು, ನಂಗೂ ಗೊತ್ತು. ಯಾಕೆ ಅಂತನೂ ಗೊತ್ತು.”

ಅವನು ತಲೆಯೆತ್ತಲಿಲ್ಲ.

“ಪಟ ತೆಗೆದೋರು ಯಾರು? ನೀನು ಕೊಂಬು ಹಿಡ್ದಿದ್ದೆ. ಇದು ಜಗಲಿ ಮೇಲಿಂದ ತೆಗ್ದಿರೋದು.”

“ನಂಗೊತ್ತಿಲ್ಲ,” ಎಂದ ಅಂಜಿನಪ್ಪ ತಕ್ಷಣ. ಅಷ್ಟು ಹೊತ್ತು ಒಡೆದುಹೋಗಿದ್ದ ದನಿ ಈಗ ಗಟ್ಟಿಯಾಗಿತ್ತು. “ಅದೊಂದು ಕೇಳ್ಬೇಡಿ. ನನ್ನ ಜೈಲಿಗೆ ಹಾಕಿ, ಬರ್ತೀನಿ.”

ಪ್ರೇಮಮ್ಮ ಜಗಲಿಯ ಕಡೆ ನೋಡಿದಳು. ಕಂಬದ ಹತ್ತಿರ ಯಾರೂ ಇರಲಿಲ್ಲ. ಡೇರಿಯ ಕಡೆಯಿಂದ ಮೈಕ್ ಪರೀಕ್ಷೆ ಮಾಡುವ ದನಿ ಕೇಳಿಬಂತು. ಹೊತ್ತಾಗುತ್ತಿತ್ತು.

“ಠಾಣೆಗೆ ಆಮೇಲೆ ಹೋಗಾಣ,” ಎಂದಳು. “ಮೊದ್ಲು ನಿನ್ನ ಮಾತು ಕೇಳಬೇಕಾದೋರು ಇನ್ನೊಬ್ರವ್ರೆ. ಎದ್ದೇಳು.”

*

ಹಿಂದಿನ ಸಂಜೆ ಪ್ರೇಮಮ್ಮ ಅಜ್ಜಂಪುರಕ್ಕೆ ಹೋಗಿ ಹಾಜಿರಾಬಿಯನ್ನು ಕಂಡಿದ್ದಳು. ಗಂಡ ತೀರಿಕೊಂಡ ಹೆಂಗಸು ಇದ್ದತ್‌ನ ತಿಂಗಳುಗಳು ಮುಗಿಯುವ ತನಕ ಹೊಸಿಲು ದಾಟುವುದಿಲ್ಲ. ಆಕೆ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಜಮಾತಿನ ಹಿರಿಯರು ಆಗಷ್ಟೇ ಬಂದು ಹೋಗಿದ್ದರು. ಸಭೆಗೆ ಹೋಗು, ಕ್ಷಮಿಸಿದೆ ಅನ್ನು, ನಾವು ಇದೇ ಊರುಗಳಲ್ಲಿ ಅಂಗಡಿ ಇಟ್ಟು ಬದುಕಬೇಕಲ್ಲ ಎಂದಿದ್ದರು. ಅವರದೂ ಹೆದರಿಕೆಯೇ.

“ಕ್ಷಮಿಸೋದು ದೊಡ್ಡದು ಅಂತ ನಂಗೂ ಗೊತ್ತು ಮೇಡಮ್ಮ,” ಎಂದಿದ್ದಳು ಹಾಜಿರಾಬಿ. “ದೊಡ್ಡದು ಅಂತಾನೇ ಅದನ್ನ ಬೀದೀಲಿ ಚೆಲ್ಲೋಕೆ ಮನಸ್ಸು ಬತ್ತಿಲ್ಲ. ಹೊಡ್ದೋರು ಮಕಕ್ಕೆ ಟವಲ್ ಸುತ್ಕಂಡಿದ್ರಂತೆ. ಯಾರಿಗೆ ಕೊಡ್ಲಿ? ಟವಲ್ಲಿಗಾ?”

“ಹೆಸರು ಬರೋ ತನಕ ಆ ಮಾತು ಆಡ್ಬೇಡಿ ಹಾಜಿರಮ್ಮ. ತಡೀರಿ.”

“ಎಲ್ರೂ ಕ್ಷಮಿಸು ಅಂತಾರೆ. ತಡಿ ಅಂದೋರು ನೀವೊಬ್ರೇ.”

ಆ ಮಾತಿನ ಭಾರ ಹೊತ್ತುಕೊಂಡೇ ಪ್ರೇಮಮ್ಮ ಈಗ ಡೇರಿಯ ಮುಂದಿನ ಶಾಮಿಯಾನದ ಕೆಳಗೆ ಬಂದು ನಿಂತಳು. ಅಂಜಿನಪ್ಪನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಜನ ಸೇರಿದ್ದರು. ಅಜ್ಜಂಪುರದವರು, ತರೀಕೆರೆಯವರು, ಕಡೂರಿನ ಒಂದಿಬ್ಬರು ವರದಿಗಾರರು. ಮೈಕಿನ ಹತ್ತಿರ ಧರ್ಮೇಶ್ ವೈರು ಸರಿಮಾಡುತ್ತ ಕೂತಿದ್ದ. ಸೌಂಡ್ ಸಿಸ್ಟಮ್ಮನ್ನು ಬಾಡಿಗೆಯಿಲ್ಲದೆ ತಂದುಕೊಟ್ಟಿದ್ದಾನೆಂದು ಬೆನಕಪ್ಪ ಹೊಗಳಿದರು. ಪ್ರೇಮಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ತಂದೆಯಿಲ್ಲದೆ ಬೆಳೆಸಿದ ಮಗ, ನಾಲ್ಕು ಜನಕ್ಕೆ ಬೇಕಾದವನಾಗಿದ್ದಾನೆ.

“ಊಟ ಮಾಡ್ದೇನಮ್ಮ?” ಎಂದ ಅವನು.

“ಆಮೇಲೆ ಕಣೋ.”

ಕನಕರಾಜುವಿಗೆ ಅವಳು ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು. ಅವನ ಕಣ್ಣು ಅರಳಿತು. “ಒಳ್ಳೇ ಕೆಲಸ ಮೇಡಂ. ಸಭೆ ಮುಗೀಲಿ, ಹೇಳಿಕೆ ತಗೊಳ್ಳೋಣ. ಈಗ ಗಲಾಟೆ ಬೇಡ.”

“ಸಭೆ ಮುಗಿದ್ರೆ ಎಲ್ಲಾನೂ ಮುಗೀತದೆ ಸಾರ್.”

ಬೆನಕಪ್ಪ ಮಾತು ಶುರುಮಾಡಿದ್ದರು. ದೊಡ್ಡ ಮನುಷ್ಯ, ದನಿಯೂ ದೊಡ್ಡದು. “ಆಗಿದ್ದು ಆಗೋಯ್ತು. ಯಾರೋ ಹೊರಗಿನ ಹುಡುಗ್ರು ತಪ್ಪು ತಿಳ್ಕಂಡು ದುಡುಕಿಬಿಟ್ರು. ನಾವು ತಲೆತಲಾಂತರದಿಂದ ಅಣ್ಣತಮ್ಮಂದಿರಂಗೆ ಇದ್ದೋರು. ಈ ತಾಯಿ ದೊಡ್ಡ ಮನಸ್ಸು ಮಾಡಿ ಬಂದವ್ರೆ. ಎರಡು ಮಾತು ಹೇಳ್ಲಿ, ಊರು ತಣ್ಣಗಾಗ್ಲಿ.”

ಹಾಜಿರಾಬಿ ಎದ್ದಳು. ಬುರ್ಖಾದೊಳಗೆ ಸಣ್ಣ ಆಳು. ಮೈಕನ್ನು ಧರ್ಮೇಶ್ ಬಗ್ಗಿಸಿ ಆಕೆಯ ಬಾಯಿಯ ಎತ್ತರಕ್ಕೆ ತಂದುಕೊಟ್ಟ.

“ಇದ್ದತ್‌ನಲ್ಲಿರೋ ಹೆಂಗಸು ಹೊಸಿಲು ದಾಟಬಾರ್ದು,” ಎಂದಳು. “ಕ್ಷಮಿಸೋಕೆ ಅಂತ ನನ್ನ ದಾಟಿಸಿದ್ರಿ. ದಾಟಿದ್ದಾಯ್ತಲ್ಲ, ಕೇಳೋದು ಕೇಳೇ ಹೋಗ್ತೀನಿ.”

ಆಕೆ ಊರಿನವರು ಕೂತಿದ್ದ ಕಡೆ ತಿರುಗಿದಳು.

“ಈ ಊರಿನ ಎತ್ತುಗಳಿಗೆಲ್ಲ ನನ್ನ ಗಂಡ ಲಾಳ ಹೊಡ್ದವ್ರೆ. ಅವರು ಬಿದ್ದಾಗ ಒಬ್ರಾದ್ರೂ ‘ಅವನು ಕಳ್ಳ ಅಲ್ಲ, ನಮ್ಮ ಲಾಳದ ಸಾಬು’ ಅಂದ್ರಾ? ಇವತ್ತು ಕ್ಷಮಿಸು ಅಂತೀರ. ಕೇಳ್ತಿರೋರು ಯಾರು? ಬೆನಕಪ್ಪೋರು ಕೇಳ್ತಾವ್ರೆ, ಅವರು ಹೊಡೀಲಿಲ್ಲ. ನಮ್ಮ ಜಮಾತಿನೋರು ಕೇಳ್ತಾವ್ರೆ, ಅವರೂ ಹೊಡೀಲಿಲ್ಲ. ಹೊಡ್ದೋರು ಮಾತ್ರ ಕೇಳಿಲ್ಲ. ಅವರು ಎದ್ದು ಬಂದು ಕೇಳ್ಲಿ. ನಾನು ಇಲ್ಲೇ ಕೂತಿರ್ತೀನಿ.”

ಆಕೆ ಕುರ್ಚಿಯಲ್ಲಿ ಕೂತಳು. ಬೆನಕಪ್ಪ ಗಂಟಲು ಸರಿಮಾಡಿಕೊಂಡು, “ತಾಯಿ, ಸಭೆ ಅಂದ್ಮೇಲೆ ಒಂದು ಪದ್ಧತಿ ಅಂತ...” ಎಂದರು. ಹಾಜಿರಾಬಿ ಅವರ ಕಡೆ ನೋಡಲೂ ಇಲ್ಲ.

ಪ್ರೇಮಮ್ಮ ಅಂಜಿನಪ್ಪನ ಬೆನ್ನು ತಟ್ಟಿದಳು. ತಟ್ಟಿದಳೋ ತಳ್ಳಿದಳೋ, ಪಕ್ಕದಲ್ಲಿದ್ದವರಿಗೂ ಗೊತ್ತಾಗಲಿಲ್ಲ.

ಅವನು ನಡೆದುಹೋಗಿ ಹಾಜಿರಾಬಿಯ ಮುಂದೆ ಬಗ್ಗಿದ. ಆಕೆ ಕಾಲು ಹಿಂದಕ್ಕೆಳೆದುಕೊಂಡಳು.

“ಕಾಲು ಮುಟ್ಬೇಡಿ. ಮೈಕಲ್ಲಿ ಹೇಳಿ.”

“ಬುಡೇನ್ ಸಾಬ್ರು ಕಳ್ಳರಲ್ಲ,” ಎಂದ ಅಂಜಿನಪ್ಪ. ಅವನ ದನಿ ಶಾಮಿಯಾನ ದಾಟಿ ಬಸ್ಟಾಪಿನ ತನಕ ಕೇಳಿತು. “ನಾನೇ ಕರೆಸಿದ್ದು. ನಮ್ಮ ಕಣದಲ್ಲೇ ಲಾಳ ಹೊಡೀತಿದ್ರು. ಬೈಕಲ್ಲಿ ಬಂದೋರು ಕೇಳ್ದಾಗ ಕರೆಸಿಲ್ಲ ಅಂದ್ಬಿಟ್ಟೆ. ಸುಳ್ಳು ಹೇಳಿದ್ದು ನಾನು.”

ಹಿಂದಿನಿಂದ ಯಾರೋ “ಕೂತ್ಕಳಲೇ” ಎಂದು ಕೂಗಿದರು. ಪ್ರೇಮಮ್ಮ ತಿರುಗಿ ನೋಡಿದಳು. ಮತ್ತೆ ಆ ದನಿ ಬರಲಿಲ್ಲ.

ಹಾಜಿರಾಬಿ ಮುಖ ಮುಚ್ಚಿಕೊಂಡು ಅತ್ತಳು. ಸಾವಿನ ದಿನವೂ ಹೀಗೆ ಅತ್ತಿರಲಿಲ್ಲವೆಂದು ಅಜ್ಜಂಪುರದ ಹೆಂಗಸರು ಪಿಸುಗುಟ್ಟಿದರು. ಗಂಡನ ಮೇಲಿದ್ದ ಕಳ್ಳನೆಂಬ ಹೆಸರು ಅವನನ್ನು ಕೊಂದ ಊರಿನ ಮುಂದೆಯೇ ಕಳಚಿ ಬಿದ್ದಿತ್ತು.

“ನಿಮ್ಮನ್ನ ಏನು ಮಾಡ್ಬೇಕು ಅಂತ ನಂಗೆ ಇವತ್ತು ಗೊತ್ತಾಗ್ತಿಲ್ಲ,” ಎಂದಳು ಕೊನೆಗೆ. “ಕ್ಷಮಿಸ್ತೀನೋ ಇಲ್ವೋ, ಅದು ನನ್ನ ಇಷ್ಟ. ಕೋರ್ಟು ಏನು ಮಾಡ್ತದೋ ಅದು ಮಾಡ್ಲಿ. ಆದ್ರೆ ಕೇಳೋಕೆ ಅಂತ ಒಬ್ರು ಬಂದ್ರಿ. ಇನ್ನೂ ಯಾರಾದ್ರೂ ಇದ್ದೀರಾ?”

ಗಂಡಸರ ಕಡೆಯಿಂದ ಯಾರೂ ಮೇಲೇಳಲಿಲ್ಲ.

ಹೆಂಗಸರ ಕಡೆಯಿಂದ ಅನುಷಾ ಎದ್ದಳು. ಅಂಜಿನಪ್ಪ “ಬ್ಯಾಡ ಕಣವ್ವ” ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಹುಡುಗಿ ನಿಲ್ಲಲಿಲ್ಲ. ಮೊಬೈಲು ಹಿಡಿದು ಹಾಜಿರಾಬಿಯ ಮುಂದೆ ಬಂದು ನಿಂತಳು.

“ಪಟ ತೆಗ್ದಿದ್ದು ನಾನು,” ಎಂದಳು. “ಇದರಲ್ಲಿ ನಮ್ಮಪ್ಪನೂ ಅವ್ರೆ, ನೋಡಿ. ‘ನಮ್ಮೆತ್ತಿಗೆ ಹೊಸ ಚಪ್ಪಲಿ’ ಅಂತ ತಮಾಷೆಗೆ ಬರೆದು ಕಳಿಸ್ದೆ. ಅಪ್ಪನ್ನ ಕತ್ತರಿಸಿ, ಕಡೀತಿದ್ದಾರೆ ಅಂತ ಬರೆದಿದ್ದು ನಾನಲ್ಲ. ಆವತ್ತೇ ಹೇಳ್ಬೇಕಾಗಿತ್ತು. ನಿನ್ನಿಂದಾನೇ ಸತ್ರು ಅಂತಾರೆ ಅಂತ ಅಪ್ಪ ಬಾಯಿ ಮುಚ್ಚಿಸಿದ್ರು.”

ಹಾಜಿರಾಬಿ ಪಟವನ್ನು ಬಹಳ ಹೊತ್ತು ನೋಡಿದಳು. ಅದರಲ್ಲಿ ಬುಡೇನ್ ಸಾಬ ಏನನ್ನೋ ಹೇಳಿ ನಗುತ್ತಿದ್ದ. ಊರೆಲ್ಲ ಓಡಾಡಿದ ಪಟದಲ್ಲಿ ಆ ನಗು ಕಾಣದಂತೆ ಮುಖವನ್ನು ಕಪ್ಪು ಮಾಡಿದ್ದರು.

“ಯಾರ್ಯಾರಿಗೆ ಕಳಿಸ್ದೆ ಮಗಳೇ?”

“ಫ್ರೆಂಡು ಅಂತ ಒಬ್ರಿಗೇ ಕಳಿಸಿದ್ದು. ಬೇರೆ ಯಾರಿಗೂ ಇಲ್ಲ. ದೇವರಾಣೆ.”

ಪ್ರೇಮಮ್ಮ ಎರಡು ಹೆಜ್ಜೆಗೆ ಅವರ ಪಕ್ಕದಲ್ಲಿದ್ದಳು. ಇಷ್ಟು ದಿನದ ಓಡಾಟ, ಬಸ್ಸು, ಬಿಸಿಲು, ಜನರ ಮೊಂಡು ಮೌನ, ಎಲ್ಲ ಸೇರಿ ಈ ಒಂದು ಹೆಸರಿಗೆ ಬಂದು ನಿಂತಿತ್ತು. ಪಟ ಕತ್ತರಿಸಿದವನು ಸಿಕ್ಕರೆ ಟವಲ್ಲಿನ ಹಿಂದಿನ ಮುಖಗಳೂ ಒಂದೊಂದಾಗಿ ಹೊರಬರುತ್ತವೆ. ಅವಳು ಮೈಕನ್ನು ತಾನೇ ಹುಡುಗಿಯ ಬಾಯಿಗೆ ಹಿಡಿದಳು. ಊರು ಕೇಳಲಿ, ನಾಳೆ ಯಾರೂ ತಿರುಚುವಂತಾಗಬಾರದು.

“ಹೆಸರು ಹೇಳು ಮಗ. ಹೆದರ್ಕಬೇಡ. ನಾನಿದೀನಿ. ಯಾರ ಮನೆ ಮಗನಾದ್ರೂ ಸರಿ, ಬಿಡೋ ಮಾತೇ ಇಲ್ಲ.”

ಅನುಷಾ ಅವಳ ಮುಖ ನೋಡಿದಳು. ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಅದು ಹೆದರಿಕೆಯಿಂದ ಬಂದ ನೀರಲ್ಲ, ಪ್ರೇಮಮ್ಮನ ಮೇಲಿನ ಕನಿಕರ. ಅದು ಯಾಕೆಂದು ಪ್ರೇಮಮ್ಮನಿಗೆ ಅರ್ಥವಾಗುವ ಮೊದಲೇ ಹುಡುಗಿಯ ಬಾಯಿ ತೆರೆಯಿತು.

“ನಿಮ್ಮ ಮಗನಿಗೇ ಮೇಡಂ. ಧರ್ಮೇಶ್‌ಗೆ.”

ಮೈಕು ಟಪ್ಪೆಂದು ಸತ್ತಿತು.

ಪ್ರೇಮಮ್ಮ ತಿರುಗಿದಳು. ಆಂಪ್ಲಿಫೈಯರಿನ ಸ್ವಿಚ್ಚಿನ ಮೇಲೆ ಮಗನ ಕೈ ಇತ್ತು. ಅವನು ಕೈ ತೆಗೆಯಲಿಲ್ಲ, ಅವಳ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದ. ಚಿಕ್ಕವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೂ ಹೀಗೇ ನೋಡುತ್ತಿದ್ದ. ಬೆನಕಪ್ಪ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ಉಳಿದರು. ಕನಕರಾಜು ಅವಳ ಕಡೆ ಬರಲು ಹೋಗಿ ನಡುವೆ ನಿಂತುಬಿಟ್ಟ. ಪ್ರೇಮಮ್ಮನ ಕೈಯಲ್ಲಿ ಸತ್ತ ಮೈಕು ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹಾಜಿರಾಬಿ ಕುರ್ಚಿಯಿಂದ ಎದ್ದು ಬಂದು ಅವಳೆದುರು ನಿಂತಳು. ಆಕೆಯ ದನಿಗೆ ಈಗ ಮೈಕು ಬೇಕಾಗಿರಲಿಲ್ಲ.

“ಈಗೇನು ಹೇಳ್ತೀರಿ ಮೇಡಮ್ಮ?” ಎಂದು ಕೇಳಿದಳು. “ಕ್ಷಮಿಸಿಬಿಡ್ಲಾ?”